ಮೊದಲು ಬೋಲ್ಟ್ ತೆರೆದು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಗದ್ದೆಯಲ್ಲಿ ನಾಟಿ ಮುಗಿದಿದೆ, ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂದಿದೆ. ಕೊಡಗಿನ ಮನೆಮನೆಗಳಲ್ಲಿ ಈ ವಾರ ಕೋವಿಗಳು ಹೊರಬರುತ್ತವೆ. ಒರೆಸಿ, ಎಣ್ಣೆ ಹಚ್ಚಿ, ದೇವರ ಕೋಣೆಯಲ್ಲಿ ದೀಪದ ಮುಂದಿಟ್ಟು, ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ಕಡಂಬುಟ್ಟು, ಪಂದಿಕರಿಯ ಊಟ, ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ವರ್ಷವಿಡೀ ಸುಮ್ಮನಿದ್ದ ಕೋವಿಯನ್ನು ಮನೆಯ ಹತ್ತು ಕೈಗಳು ಮುಟ್ಟುವುದು ಈ ದಿನಗಳಲ್ಲೇ.

ಸೇನೆಯಲ್ಲಿ 22 ವರ್ಷ ಕೋವಿ ದುರಸ್ತಿಯೇ ನನ್ನ ಕೆಲಸವಾಗಿತ್ತು. ಇಂದು ನಿಮಗೆ ಹೇಳಬೇಕಾದದ್ದು ಒಂದೇ ಮಾತು. ರೈಫಲ್ ಕೈಗೆ ಬಂದ ಕೂಡಲೇ ಅದರ ನಳಿಗೆಯನ್ನು ಜನರಿಲ್ಲದ ಕಡೆಗೆ ತಿರುಗಿಸಿ. ಟ್ರಿಗರ್‌ನಿಂದ ಬೆರಳು ದೂರವಿರಲಿ. ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್, ತೆಗೆಯಿರಿ; ತೋಟಾವನ್ನು ನಳಿಗೆಗೆ ದೂಡಿ ಮುಚ್ಚುವ ಅಗುಳಿ, ಅಂದರೆ ಬೋಲ್ಟ್, ಹಿಂದಕ್ಕೆಳೆಯಿರಿ. ತೋಟಾ ಕೂರುವ ಗೂಡನ್ನು ಬೋಲ್ಟಿನ ಕಡೆಯಿಂದಲೇ ಕಣ್ಣಿಟ್ಟು ನೋಡಿ, ಕಿರುಬೆರಳು ಹಾಕಿ ಮುಟ್ಟಿ. ಈಗಷ್ಟೇ ನೀವೇ ಖಾಲಿ ಮಾಡಿದ್ದರೂ ನೋಡಿ. ಅಪ್ಪ ಖಾಲಿ ಮಾಡಿ ಕೊಟ್ಟಿದ್ದರೂ ನೋಡಿ. ಹಾಗೆ ನೋಡಿದರೆ ಅಪ್ಪನಿಗೆ ಅವಮಾನವಾಗುವುದಿಲ್ಲ. ಸೇನೆಯಲ್ಲಿ ‘ಜಾಂಚ್ ಶಸ್ತ್ರ’ ಎಂಬ ಆದೇಶ ಕೇಳಿದೊಡನೆ ಎಲ್ಲರೂ ಬೋಲ್ಟ್ ತೆರೆದು ತೋರಿಸುತ್ತಾರೆ. ಯಾರೂ ಅದನ್ನು ಅವಮಾನವೆಂದು ತಿಳಿಯುವುದಿಲ್ಲ.

ಇಷ್ಟೊಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನಗಾಗ ಹನ್ನೆರಡು ವರ್ಷ. ಹಬ್ಬಕ್ಕೆಂದು ಸೋದರಮಾವನ ಮನೆಗೆ ಹೋಗಿದ್ದೆ. ಮಾವನೂ ಸೇನೆಯಲ್ಲಿದ್ದವರು, ಕೋವಿಯ ವಿಷಯದಲ್ಲಿ ಊರಿಗೇ ಹಿರಿಯರು. ಹಿಂದಿನ ರಾತ್ರಿ ಗದ್ದೆಗೆ ಹಂದಿ ಬರುತ್ತವೆಂದು ಅಟ್ಟಣೆಯ ಮೇಲೆ ಕಾದು ಕುಳಿತಿದ್ದರು. ಹಂದಿ ಬರಲಿಲ್ಲ. ಬೆಳಿಗ್ಗೆ ನಿದ್ದೆಗೆಟ್ಟ ಕಣ್ಣಲ್ಲಿ ಮನೆಗೆ ಬಂದು, ಚಾಪೆ ಹಾಸಿ, ಹಳೆಯ ಪಂಚೆಯ ತುಂಡು, ಎಣ್ಣೆಯ ಬಟ್ಟಲು, ಸಲಾಕೆ ಎಲ್ಲ ಜೋಡಿಸಿಕೊಂಡು ರೈಫಲ್ ಒರೆಸಲು ಕುಳಿತರು. ನಾನು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತಿದ್ದೆ. ಮ್ಯಾಗಜಿನ್ ತೆಗೆದು ಒಂದೊಂದೇ ತೋಟಾವನ್ನು ಹೆಬ್ಬೆರಳಿನಿಂದ ತಳ್ಳಿ ನನ್ನ ಅಂಗೈಗೆ ಹಾಕಿದರು. ನಾಲ್ಕು ತೋಟಾ. ಹಿತ್ತಾಳೆ ತಣ್ಣಗಿತ್ತು, ಇಬ್ಬನಿಯ ತೇವ ಇನ್ನೂ ಆರಿರಲಿಲ್ಲ. ‘ಅಲ್ಲಿಗೆ ಮುಗಿಯಿತು’ ಎಂದರು. ಸ್ಪ್ರಿಂಗಿನ ಬಿಗಿ ಇಳಿಸಿಬಿಡೋಣವೆಂದು ಟ್ರಿಗರ್ ಒತ್ತಿದರು.

ಮನೆಯೊಳಗೆ ಹೊಡೆದ ಗುಂಡಿನ ಸದ್ದು ಹೇಗಿರುತ್ತದೆಂದು ಕೇಳಿದವರಿಗೇ ಗೊತ್ತು. ಕಿವಿ ಗುಂಯ್‌ಗುಟ್ಟುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಕಂಡದ್ದು ಮಾತ್ರ ನೆನಪಿದೆ. ಎದುರಿಗಿದ್ದ, ಭತ್ತ ತುಂಬಿಡುವ ಪತ್ತಾಯದ ಹಲಗೆಯಲ್ಲಿ, ನನ್ನ ಸೊಂಟದ ಎತ್ತರಕ್ಕೆ ಒಂದು ತೂತು. ಅದರಿಂದ ಭತ್ತ ಸಣ್ಣ ಧಾರೆಯಾಗಿ ನೆಲಕ್ಕೆ ಸುರಿಯುತ್ತಿತ್ತು. ಅದನ್ನು ಮುಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅತ್ತೆ ಅಡುಗೆಮನೆಯಿಂದ ಓಡಿ ಬಂದು ನಮ್ಮನ್ನೆಲ್ಲ ಎರಡೆರಡು ಸಲ ಎಣಿಸಿದರು. ನನ್ನ ತಂಗಿ ಸ್ವಲ್ಪ ಹೊತ್ತಿನ ಮುಂಚೆ ಅದೇ ಪತ್ತಾಯಕ್ಕೆ ಒರಗಿ ನಿಂತಿದ್ದಳು, ತೋಕ್ ಪೂ ಕೊಯ್ಯಲು ಬೇಲಿಯ ಕಡೆಗೆ ಹೋಗಿದ್ದಳು. ಅವಳು ಹೂ ಹಿಡಿದು ಬಾಗಿಲಿಗೆ ಬಂದಾಗ ಭತ್ತ ಇನ್ನೂ ಬೀಳುತ್ತಲೇ ಇತ್ತು. ಮಾವ ಆ ದಿನ ಊಟ ಮಾಡಲಿಲ್ಲ.

ಆದದ್ದು ಇಷ್ಟೇ. ಆ ರೈಫಲ್ಲಿನ ಮ್ಯಾಗಜಿನ್ನಿಗೆ ಐದು ತೋಟಾ. ರಾತ್ರಿ ಬೋಲ್ಟ್ ಮುಂದೆ ದೂಡಿದಾಗ ಒಂದು ನಳಿಗೆಯ ಗೂಡಿಗೆ ಹೋಗಿ ಕುಳಿತಿತ್ತು, ಮ್ಯಾಗಜಿನ್ನಿನಲ್ಲಿ ಉಳಿದದ್ದು ನಾಲ್ಕು. ಮ್ಯಾಗಜಿನ್ ತೆಗೆದರೆ ಕೋವಿ ಖಾಲಿಯಾಗುವುದಿಲ್ಲ. ದಯವಿಟ್ಟು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಮ್ಯಾಗಜಿನ್ ತೆಗೆದರೆ ಕೋವಿ ಖಾಲಿಯಾಗುವುದಿಲ್ಲ. ಕ್ರಮ ತಪ್ಪಿದರೂ ಅಪಾಯವೇ. ಮ್ಯಾಗಜಿನ್ ಇದ್ದಂತೆಯೇ ಬೋಲ್ಟ್ ಎಳೆದು ಮತ್ತೆ ದೂಡಿದರೆ ಒಂದು ತೋಟಾ ಹೊರಗೆ ಬೀಳುತ್ತದೆ, ಇನ್ನೊಂದು ಒಳಗೆ ಹೋಗುತ್ತದೆ. ಬಿದ್ದದ್ದನ್ನು ಕಂಡು ಖಾಲಿಯಾಯಿತೆಂದು ನಂಬುತ್ತೇವೆ.

ಜೋಡಿ ನಳಿಗೆಯ ಕೋವಿಯಾದರೆ ಮಡಚಿ ಎರಡೂ ನಳಿಗೆಗಳನ್ನು ನೋಡಿ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಖಾಲಿ ಇದ್ದಾಗ ಗಜ, ಅಂದರೆ ಮದ್ದು ಒತ್ತುವ ಸಲಾಕೆ, ಎಲ್ಲಿಯವರೆಗೆ ಇಳಿಯುತ್ತದೆಂದು ಅದರ ಮೇಲೆ ಗೆರೆ ಕೊರೆದಿಟ್ಟುಕೊಳ್ಳಿ. ಮೊದಲು ಕೇಪು ತೆಗೆದು, ಆಮೇಲೆ ಗಜ ಇಳಿಸಿ. ಗೆರೆ ನಳಿಗೆಯ ಬಾಯಿಗಿಂತ ಮೇಲೆ ನಿಂತರೆ ಒಳಗೆ ಮದ್ದಿದೆ ಎಂದರ್ಥ. ಹಾಗೆ ನೋಡುವಾಗ ನಳಿಗೆಯ ಬಾಯಿಯ ನೇರಕ್ಕೆ ಮುಖ ತರಬೇಡಿ.

ನನಗೆಲ್ಲ ಗೊತ್ತು ಎನ್ನುವವರು ಈಗ ರೇಡಿಯೊ ಆರಿಸಲು ಎದ್ದಿರಬಹುದು. ದಯವಿಟ್ಟು ಕುಳಿತುಕೊಳ್ಳಿ, ನನ್ನ ಮಾವನಿಗೂ ಎಲ್ಲ ಗೊತ್ತಿತ್ತು.

ಇಡುವ ವಿಷಯ ಬೇಗ ಹೇಳುತ್ತೇನೆ, ಸಮಯ ಕಡಿಮೆ ಇದೆ. ಕೋವಿಗೆ ಒಂದು ಬೀಗ, ತೋಟಾಗಳಿಗೆ ಬೇರೆ ಬೀಗ, ಬೋಲ್ಟ್ ಕಳಚಿ ಮೂರನೆಯ ಕಡೆ. ಬೀಗದ ಕೈ ದೇವರ ಪಟದ ಹಿಂದೆ ಬೇಡ, ಅದು ಮನೆಯ ಮಕ್ಕಳಿಗೆಲ್ಲ ಗೊತ್ತಿರುವ ಜಾಗ. ನಮ್ಮ ಮಳೆಯಲ್ಲಿ ಚರ್ಮದ ಚೀಲ ತೇವ ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಚೀಲ ಒಯ್ಯಲು ಮಾತ್ರ, ಇಡಲು ಅಲ್ಲ. ಗುಂಡು ಹೊಡೆಯುವ ಮುನ್ನ ನಳಿಗೆಯೊಳಗಿನ ಎಣ್ಣೆಯನ್ನು ಪೂರ್ತಿ ಒರೆಸಿ.

ಹಬ್ಬದ ಖುಷಿಗೆ ಆಕಾಶಕ್ಕೆ ಗುಂಡು ಹಾರಿಸಬೇಡಿ. .22 ರೈಫಲ್ಲಿನ ಪುಟ್ಟ ಗುಂಡೂ ಒಂದು ಕಿಲೋಮೀಟರಿಗಿಂತ ದೂರ ಹೋಗುತ್ತದೆ. ಸಂಭ್ರಮದ ಹೆಸರಿನಲ್ಲಿ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಲೈಸೆನ್ಸಿನಿಂದ ಮಾತ್ರ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಅಜಾಗರೂಕತೆಗೆ ಯಾರಿಗೂ ವಿನಾಯಿತಿ ಇಲ್ಲ.

ಆ ಪತ್ತಾಯ ಇವತ್ತಿಗೂ ಮಾವನ ಮನೆಯಲ್ಲಿದೆ. ತೂತಿಗೆ ಬೆಣೆ ಹೊಡೆಯಲು ಬಡಗಿ ಬಂದಾಗ ಮಾವ ಒಪ್ಪಲಿಲ್ಲ. ಒಳಗಡೆಯಿಂದ ತಗಡು ಬಡಿಸಿ, ಹೊರಗಿನ ತೂತನ್ನು ಹಾಗೆಯೇ ಉಳಿಸಿಕೊಂಡರು. ಪ್ರತಿ ವರ್ಷ ಕೋವಿ ಕೆಳಗಿಳಿಸುವ ಮೊದಲು ಮನೆಯ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ಒಬ್ಬೊಬ್ಬರ ಕಿರುಬೆರಳನ್ನೂ ಅದರೊಳಗೆ ಹಾಕಿಸುತ್ತಿದ್ದರು.

ನಮಸ್ಕಾರ.