ಅಮ್ಮನ ಚಮಚಕ್ಕೊಂದು ಹಿಡಿ

ಕೇಳುಗರೇ, ನಮಸ್ಕಾರ.

ಸಬ್ಬಕ್ಕಿ ಪಾಯಸ ಮಾಡಿದವರಿಗೆ ಗೊತ್ತು, ಬೆಳ್ಳಗಿದ್ದ ಕಾಳು ಬೇಯುತ್ತ ಬೇಯುತ್ತ ಗಾಜಿನಂತೆ ತಿಳಿಯಾಗುತ್ತದೆ. ನಾನು ಈ ದಿನ ಹೇಳಹೊರಟಿರುವ ಪ್ಲಾಸ್ಟಿಕ್ಕಿನ ಹರಳುಗಳೂ ಬಿಸಿನೀರಿನಲ್ಲಿ ಹಾಗೆಯೇ ತಿಳಿಯಾಗುತ್ತವೆ. ಇದರ ಹೆಸರು ಪಾಲಿಕ್ಯಾಪ್ರೊಲ್ಯಾಕ್ಟೋನ್. ಪಾಲಿಮಾರ್ಫ್, ಇನ್‌ಸ್ಟಾಮಾರ್ಫ್ ಎಂಬ ಹೆಸರುಗಳಲ್ಲಿ ಮಾರಾಟಕ್ಕಿದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಚಪಾತಿ ಹಿಟ್ಟಿನಂತೆ ನಾದಬಹುದು. ಆರಿದ ಮೇಲೆ ಮತ್ತೆ ಬೆಳ್ಳಗಾಗಿ, ಗರಗಸಕ್ಕೂ ಡ್ರಿಲ್ಲಿಗೂ ಒಗ್ಗುವಷ್ಟು ಗಟ್ಟಿಯಾಗುತ್ತದೆ.

ನನಗೆ ಇದು ಬೇಕಾದದ್ದು ಅಮ್ಮನ ಚಮಚಕ್ಕೆ. ಸಂಧಿವಾತದಿಂದ ಅವರ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಸ್ಟೀಲ್ ಚಮಚದ ತೆಳ್ಳನೆಯ ಹಿಡಿ ಜಾರಿ, ಅನ್ನದ ತಟ್ಟೆಯೊಳಗೇ ಬೀಳುತ್ತಿತ್ತು. ಮೊದಲು ಸ್ಕೇಲು ಹಿಡಿದು ಅಳತೆ ತೆಗೆದೆ, ಚಿತ್ರ ಬರೆದೆ. ನೋಯುವ ಬೆರಳು ಯಾವ ಅಳತೆಗೂ ಸಿಗಲಿಲ್ಲ.

ಸ್ಟೀಲ್ ಬೋಗುಣಿಯಲ್ಲಿ ಬಿಸಿನೀರು, ಅದರಲ್ಲಿ ಒಂದು ಹಿಡಿ ಹರಳು. ಪ್ಲಾಸ್ಟಿಕ್ ಬೋಗುಣಿ ಬೇಡ. ಹಲವು ಪ್ಲಾಸ್ಟಿಕ್ಕುಗಳಿಗೆ ಇದು ಅಂಟಿಕೊಂಡುಬಿಡುತ್ತದೆ. ಕರಗಿದ ಮುದ್ದೆಯನ್ನು ಸೌಟಿನಿಂದ ಎತ್ತಿ, ಒಳಗೆ ಸಿಕ್ಕ ನೀರನ್ನು ಹಿಂಡಿ ತೆಗೆಯಬೇಕು. ಆ ನೀರು ಕೈ ಸುಡುತ್ತದೆ.

ಮೊದಲ ಹಿಡಿ ನುಣುಪಾದ ಸ್ಟೀಲಿನ ಮೇಲೆ ನಿಲ್ಲದೆ ಗರಗರ ತಿರುಗಿತು. ಮತ್ತೆ ಬಿಸಿನೀರಿಗೆ ಹಾಕಿದೆ, ಬಿಡಿಸಿಕೊಂಡೆ. ಎರಡನೆಯ ಸಲ ಚಮಚಕ್ಕೆ ತೆಳುವಾದ ತಂತಿ ಸುತ್ತಿ, ಅದನ್ನೂ ಬಿಸಿನೀರಿನಲ್ಲಿ ಕಾಯಿಸಿಕೊಂಡು ಮುದ್ದೆ ಮೆತ್ತಿದೆ. ಹಿಡಿ ನಿಂತಿತು, ಆದರೆ ಅಮ್ಮನ ಕೈಗೆ ತೀರಾ ದಪ್ಪವಾಯಿತು. ಅದೂ ನೀರಿಗೆ. ಒಂದು ಕಾಳೂ ವ್ಯರ್ಥವಾಗಲಿಲ್ಲ. ಮರದಲ್ಲಿ ಕೆತ್ತಿದ್ದರೆ ಎರಡು ತುಂಡು ಒಲೆಗೆ ಹೋಗಿರುತ್ತಿದ್ದವು.

ಮೂರನೆಯ ಸಲ ನಾನು ಆಕಾರ ಕೊಡಲು ಹೋಗಲೇ ಇಲ್ಲ. ಮುದ್ದೆ ಮೆತ್ತಿದ ಚಮಚವನ್ನು ಅಂಗೈಯಲ್ಲಿ ಹಿಡಿದು, ಬಿಸಿ ತಾಳುವಂತಾದ ಮೇಲೆ ಅಮ್ಮನ ಕೈಗೆ ಕೊಟ್ಟೆ. ಕೆಲವು ನಿಮಿಷ ಅದು ಮೆತ್ತಗೇ ಇರುತ್ತದೆ. ಅವರು ಊಟಕ್ಕೆ ಹಿಡಿಯುವ ಹಾಗೆಯೇ ಹಿಡಿದು ಕುಳಿತರು. ಬೆರಳುಗಳ ನಡುವೆ ಬಿಳುಪು ಮರಳುತ್ತ ಬಂತು. ಚಮಚ ಓರೆಯಾಗಿ ನಿಂತಿತ್ತು. ನೇರ ಮಾಡಲು ಕೈ ಚಾಚಿದೆ.

“ಬಿಡು, ಮಣಿಕಟ್ಟು ತಿರುಗಿಸದೆಯೇ ಬಾಯಿಗೆ ಬರುತ್ತದೆ,” ಎಂದರು.

ನನ್ನ ಚಿತ್ರದಲ್ಲಿ ಆ ಓರೆ ಇರಲೇ ಇಲ್ಲ.

ಇಂಥ ಹಿಡಿಯನ್ನು ಕುದಿಯುವ ನೀರಿನಲ್ಲಿ ತೊಳೆಯಬಾರದು, ಒಲೆಯ ಪಕ್ಕದಲ್ಲಿ, ಬಿಸಿಲಿಗೆ ನಿಂತ ಕಾರಿನಲ್ಲಿ ಇಡಬಾರದು. ಮೆತ್ತಗಾಗಿ ಆಕಾರ ಕೆಡುತ್ತದೆ. ನಮ್ಮ ಮನೆಯಲ್ಲಿ ಅದನ್ನು ತಣ್ಣೀರಿನಲ್ಲೇ ತೊಳೆಯುತ್ತೇವೆ. ಅಮ್ಮ ಮೊನ್ನೆ ಬಾಚಣಿಗೆಯನ್ನೂ ತಂದು ನನ್ನ ಮುಂದಿಟ್ಟಿದ್ದಾರೆ. ಡಬ್ಬಿಯಲ್ಲಿ ಇನ್ನೊಂದು ಹಿಡಿ ಹರಳು ಉಳಿದಿದೆ.

ನಮಸ್ಕಾರ.