ಹರಳಿನ ಬದು

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮ ಬಚ್ಚಲಲ್ಲೋ ಹಿತ್ತಲಲ್ಲೋ ಹಳೆಯ ತಗಡಿನ ಬಕೆಟ್ ಒಂದಿದ್ದರೆ, ಈ ಮಾತು ಮುಗಿದ ಮೇಲೆ ಅದನ್ನು ಬಿಸಿಲಿಗೆ ಹಿಡಿದು ನೋಡಿ. ಮೈತುಂಬ ಚೂರುಚೂರಾದ ಚಿತ್ತಾರ ಕಾಣುತ್ತದೆ. ಒಂದು ಚೂರು ಹೊಳೆಯುತ್ತಿದ್ದರೆ ಪಕ್ಕದ್ದು ಮಂಕು. ಬಕೆಟನ್ನು ತುಸು ತಿರುಗಿಸಿದರೆ ಮಂಕಾಗಿದ್ದದ್ದು ಹೊಳೆಯುತ್ತದೆ, ಹೊಳೆದದ್ದು ಮಂಕಾಗುತ್ತದೆ. ಯಾರೂ ಬರೆದ ಚಿತ್ರವಲ್ಲ ಅದು. ತುಕ್ಕು ಹಿಡಿಯದಿರಲಿ ಅಂತ ಉಕ್ಕಿನ ತಗಡನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದಿರುತ್ತಾರೆ. ಸತು ಆರುವಾಗ ಅಲ್ಲೊಂದು ಇಲ್ಲೊಂದು ಹರಳು ಹುಟ್ಟಿ, ಬೆಳೆಯುತ್ತ ಬಂದು, ಎದುರಿನ ಹರಳಿಗೆ ತಾಗಿ ನಿಂತಿದೆ.

ಹರಳೆಂದರೆ ಪರಮಾಣುಗಳನ್ನು ಸಾಲು ಹಿಡಿದು ನಾಟಿ ಮಾಡಿದ ಗದ್ದೆ. ಪಕ್ಕದ ಗದ್ದೆಯಲ್ಲೂ ಅದೇ ಬೆಳೆ, ಸಾಲಿನ ದಿಕ್ಕು ಮಾತ್ರ ಬೇರೆ. ನಡುವೆ ಒಂದು ಬದು. ತರಗತಿಯಲ್ಲಿ ನಾವು ಇದನ್ನು ಗ್ರೇನ್ ಬೌಂಡರಿ ಅನ್ನುತ್ತೇವೆ. ನನಗೆ ಬದು ಅನ್ನುವುದೇ ಹಿತ.

ನಾನು ಮೆಟೀರಿಯಲ್ಸ್ ವಿಷಯದ ಮೇಷ್ಟ್ರು. ನಮ್ಮ ವಿಭಾಗಕ್ಕೆ ಬರುವ ಹುಡುಗರಲ್ಲಿ ಬಹಳ ಮಂದಿ ಕಂಪ್ಯೂಟರ್ ಸೀಟು ಸಿಗದೆ ಬಂದವರು. ಮೊದಲ ವಾರ ಅವರ ಮುಖ ನೋಡಿದರೇ ಗೊತ್ತಾಗುತ್ತದೆ. ನಾನೂ ಹಾಗೇ ಬಂದವನು, ಆದ್ದರಿಂದ ಬೇಜಾರಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಭಾಗ 1945ರಲ್ಲಿ ಶುರುವಾದಾಗ ಅದರ ಹೆಸರು ಮೆಟಲರ್ಜಿ, ಅಂದರೆ ಲೋಹಶಾಸ್ತ್ರ. ಈಗ ಮೆಟೀರಿಯಲ್ಸ್ ಎಂಜಿನಿಯರಿಂಗ್. ಲೋಹದ ಜೊತೆಗೆ ಪಿಂಗಾಣಿ, ಪಾಲಿಮರ್, ಸಿಲಿಕಾನ್ ಎಲ್ಲ ಒಂದೇ ಸೂರಿನಡಿ ಬಂದವು. ಹೆಸರು ಹಿಗ್ಗಿತು, ಮೊದಲ ಪ್ರಯೋಗ ಮಾತ್ರ ಹಿಗ್ಗಲಿಲ್ಲ.

ಆ ಪ್ರಯೋಗ ಇಷ್ಟೇ: ಬೆರಳ ತುದಿಯಷ್ಟು ಉಕ್ಕಿನ ತುಂಡು ಕೈಗೆ ಕೊಡುತ್ತೇವೆ. ಒರಟು ಉಪ್ಪುಕಾಗದದ ಮೇಲೆ ಉಜ್ಜಬೇಕು. ಆಮೇಲೆ ಅದಕ್ಕಿಂತ ನಯವಾದದ್ದು, ಅದಕ್ಕಿಂತ ನಯವಾದದ್ದು. ಕಾಗದ ಬದಲಿಸಿದಾಗೆಲ್ಲ ತುಂಡನ್ನು ಕಾಲು ಸುತ್ತು ತಿರುಗಿಸಿ, ಹಿಂದಿನ ಗೀರು ಪೂರ್ತಿ ಅಳಿಯುವವರೆಗೆ ಉಜ್ಜಬೇಕು. ಕೊನೆಗೆ ತಿರುಗುವ ಬಟ್ಟೆಯ ಮೇಲೆ ಹಿಡಿದರೆ ಕನ್ನಡಿ. ಮುಖ ಕಾಣುತ್ತದೆ, ಸೂಕ್ಷ್ಮದರ್ಶಕದಲ್ಲಿಟ್ಟರೆ ಬೇರೇನೂ ಕಾಣುವುದಿಲ್ಲ. ಆಗ ಆಲ್ಕೋಹಾಲಿನಲ್ಲಿ ಚೂರು ನೈಟ್ರಿಕ್ ಆಮ್ಲ ಬೆರೆಸಿದ ದ್ರವಕ್ಕೆ ಅದನ್ನು ಅದ್ದಬೇಕು, ಕೆಲವೇ ಸೆಕೆಂಡು. ಬದುವಿನಲ್ಲಿರುವ ಪರಮಾಣುಗಳ ಹಿಡಿತ ಸಡಿಲ, ಆಮ್ಲ ಮೊದಲು ಅಲ್ಲೇ ಕೊರೆಯುತ್ತದೆ. ಮತ್ತೆ ಕಣ್ಣಿಟ್ಟರೆ, ಗುಡ್ಡದ ಮೇಲಿಂದ ಬಯಲು ನೋಡಿದ ಹಾಗೆ ಗದ್ದೆ, ಬದು, ಗದ್ದೆ, ಬದು. ನಾನು ವಿದ್ಯಾರ್ಥಿಯಾಗಿದ್ದಾಗ ಮಾತಾಡುತ್ತ ನಿಂತು ತುಂಡನ್ನು ಆಮ್ಲದಲ್ಲೇ ಮರೆತೆ. ಮಸಿ ಬಳಿದ ಹಾಗೆ ಕಪ್ಪಾಯಿತು. ಎರಡು ಗಂಟೆಯ ಉಜ್ಜಾಟ ನೀರಿಗೆ ಹೋಯಿತು.

ಲ್ಯಾಬಿಲ್ಲದೆಯೂ ಇದನ್ನು ನೋಡಬಹುದು. ಹಳೆಯ ಕಟ್ಟಡಗಳಲ್ಲಿ, ವರ್ಷಗಟ್ಟಲೆ ಜನ ಹಿಡಿದು ತೆರೆದ ಹಿತ್ತಾಳೆಯ ಬಾಗಿಲ ಹಿಡಿಗಳ ಮೇಲೆ ಕೆಲವೊಮ್ಮೆ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಅಲ್ಲಿ ಆಮ್ಲದ ಕೆಲಸ ಮಾಡಿದ್ದು ಅಂಗೈಯ ಬೆವರು.

ಸರಿ, ಬದು ಕಂಡಿತು, ಅದರಿಂದೇನು? ಲೋಹವನ್ನು ಬಗ್ಗಿಸಿದಾಗ ಹರಳಿನೊಳಗೆ ಒಂದು ಸಾಲು ಇನ್ನೊಂದರ ಮೇಲೆ ಜಾರುತ್ತದೆ. ಸಾಲಿನಲ್ಲಿರುವ ಐಬು, ಡಿಸ್‌ಲೊಕೇಶನ್ ಅನ್ನುತ್ತೇವಲ್ಲ ಅದು, ಹರಿದುಕೊಂಡು ಹೋಗಿ ಬದುವಿಗೆ ಬಂದು ನಿಲ್ಲುತ್ತದೆ. ಆಚೆ ಸಾಲಿನ ದಿಕ್ಕೇ ಬೇರೆ, ದಾರಿಯಿಲ್ಲ. ಬದು ಹೆಚ್ಚಿದಷ್ಟೂ ತಡೆ ಹೆಚ್ಚು, ಲೋಹ ಗಟ್ಟಿ. 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಎಂಬುವರು ಇದಕ್ಕೆ ಲೆಕ್ಕ ಕಟ್ಟಿಕೊಟ್ಟರು. ಹರಳನ್ನು ಸಣ್ಣದು ಮಾಡುವುದು ಹೇಗೆ? ತುಪ್ಪ ಕಾಯಿಸುವವರನ್ನು ಕೇಳಿ. ನಿಧಾನ ಆರಿದ ತುಪ್ಪ ಮರಳು ಮರಳಾಗಿ ದಪ್ಪ ಹರಳು ಕಟ್ಟುತ್ತದೆ, ಫ್ರಿಜ್ಜಿಗೆ ನೂಕಿದ್ದು ನುಣ್ಣಗೆ ಹೆಪ್ಪಾಗುತ್ತದೆ. ಉಕ್ಕಿನ ಕಾರ್ಖಾನೆಯಲ್ಲಿ ಇದರ ಜೊತೆಗೆ ಬಡಿಯುವುದು, ಲಟ್ಟಿಸುವುದೂ ಸೇರುತ್ತದೆ.

ಇಲ್ಲಿಗೆ ಬಂದಾಗ ಹುಡುಗರು ಬದು ಇದ್ದಷ್ಟೂ ಒಳ್ಳೆಯದು ಅಂತ ಬರೆದುಕೊಳ್ಳುತ್ತಾರೆ. ಮುಂದಿನ ಸೆಮಿಸ್ಟರಿನಲ್ಲಿ ಅದನ್ನು ಹೊಡೆದು ಹಾಕಬೇಕಾಗುತ್ತದೆ.

ಜೆಟ್ ಎಂಜಿನ್ನಿನ ಟರ್ಬೈನ್ ಅಲಗನ್ನು ತೆಗೆದುಕೊಳ್ಳಿ. ಉರಿ ಕೋಣೆಯಿಂದ ಹೊರಬಿದ್ದ ಅನಿಲ ನೇರ ಬಂದು ಬಡಿಯುವುದು ಮೊದಲ ಸಾಲಿನ ಅಲಗುಗಳಿಗೆ. ಅನಿಲದ ಬಿಸಿ 1500 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅಲಗು ಮಾಡಿರುವುದು ನಿಕಲ್ ಮಿಶ್ರಲೋಹದಿಂದ, ಶುದ್ಧ ನಿಕಲ್ ಕರಗುವುದೇ 1455 ಡಿಗ್ರಿಗೆ! ಒಳಗೆ ಗಾಳಿ ಹಾಯಿಸುವ ಸಣ್ಣ ಸುರಂಗಗಳು, ಮೇಲೆ ಪಿಂಗಾಣಿಯ ತೆಳು ಲೇಪ, ಇವೆರಡರ ಆಸರೆಯಲ್ಲಿ ಅದು ಬದುಕಿದೆ. ಜೊತೆಗೆ ನಿಮಿಷಕ್ಕೆ ಸಾವಿರಾರು ಸುತ್ತು. ಅಂಗೈ ಉದ್ದದ ಅಲಗಿಗೆ ತುಂಬಿದ ಲಾರಿ ನೇತುಹಾಕಿದಷ್ಟು ಎಳೆತ.

ಅಂಥ ಕಾವಿನಲ್ಲಿ ಬದು ತಡೆಯಾಗಿ ಉಳಿಯುವುದಿಲ್ಲ. ಮಳೆಗಾಲದ ಬದುವಿನ ಹಾಗೆ ತಾನೇ ಕುಸಿಯುತ್ತದೆ. ಹರಳುಗಳು ಒಂದರ ಪಕ್ಕ ಒಂದು ಮೆಲ್ಲಗೆ ಜಾರುತ್ತವೆ, ಅಲಗು ಗಂಟೆಗಂಟೆಗೂ ಕೂದಲೆಳೆಯಷ್ಟೂ ಅಲ್ಲದೆ ಉದ್ದವಾಗುತ್ತ, ಕೊನೆಗೆ ಬದುವಿನಲ್ಲೇ ಬಿರಿಯುತ್ತದೆ. ಇದಕ್ಕೆ ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ವರ್ಸ್‌ನೈಡರ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಕಂಡುಕೊಂಡ ಉಪಾಯ, ನನ್ನ ಮಟ್ಟಿಗೆ, ಈ ಶಾಸ್ತ್ರದ ಅತಿ ಚೆಂದದ ಯೋಚನೆ. ಮೊದಲು ಎಳೆತಕ್ಕೆ ಅಡ್ಡವಾಗಿದ್ದ ಬದುಗಳನ್ನು ತೆಗೆದರು. ಆಮೇಲೆ ಬದುವೇ ಬೇಡವೆಂದರು. ಇಡೀ ಅಲಗು ಒಂದೇ ಹರಳು.

ಅದನ್ನು ಎರೆಯುವ ಅಚ್ಚಿನ ಬುಡದಲ್ಲಿ ತಣ್ಣನೆಯ ತಾಮ್ರದ ಫಲಕ, ಅದರ ಮೇಲೆ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಸಣ್ಣ ಕೊಳವೆ. ಕೆಳಗೆ ನೂರಾರು ಹರಳು ಹುಟ್ಟಿ ಮೇಲಕ್ಕೆ ಹೊರಡುತ್ತವೆ, ಸುರುಳಿಯ ತಿರುವುಗಳಲ್ಲಿ ಒಂದೊಂದೇ ಗೋಡೆಗೆ ತಾಗಿ ಉಳಿದುಬಿಡುತ್ತವೆ. ಮೇಲಿನ ಬಾಯಿಂದ ಹೊರಬರುವುದು ಒಂದೇ ಒಂದು. ಅಚ್ಚನ್ನು ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಕುಲುಮೆಯಿಂದ ಕೆಳಗಿಳಿಸುತ್ತಾರೆ. ಅವಸರ ಮಾಡಿದರೆ ಅಂಚಿನಲ್ಲೆಲ್ಲೋ ಇನ್ನೊಂದು ಹರಳು ತಲೆ ಎತ್ತುತ್ತದೆ.

ಎಲೆಕ್ಟ್ರಾನಿಕ್ಸಿಗೂ ಬದು ಬೇಡ, ಕಾರಣ ಬೇರೆ: ಎಲೆಕ್ಟ್ರಾನಿನ ಓಟಕ್ಕೆ ಅಡ್ಡಿ. 1916ರಲ್ಲಿ ಬರ್ಲಿನ್ನಿನಲ್ಲಿದ್ದ ಪೋಲೆಂಡಿನ ಚೊಕ್ರಾಲ್ಸ್ಕಿ ಲೇಖನಿಯನ್ನು ಮಸಿ ಕುಡಿಕೆ ಅಂದುಕೊಂಡು ಕರಗಿದ ತವರದಲ್ಲಿ ಅದ್ದಿದರಂತೆ. ಎಳೆದಾಗ ಬಂದ ದಾರ ಒಂದೇ ಹರಳಾಗಿತ್ತು. ನಿಮ್ಮ ಮೊಬೈಲಿನ ಚಿಪ್ಪಿಗೆ ಬೇಕಾದ ಸಿಲಿಕಾನನ್ನು ಇವತ್ತಿಗೂ ಹೀಗೇ ಎಳೆದು ತೆಗೆಯುತ್ತಾರೆ. ಮಾಳಿಗೆಯ ಸೌರಫಲಕದಲ್ಲೂ ಇದು ಕಾಣುತ್ತದೆ. ಹಳೆಯ ನೀಲಿ ಫಲಕದಲ್ಲಿ ಬಕೆಟ್ಟಿನಂಥದ್ದೇ ಚೂರುಚೂರು ಚಿತ್ತಾರ, ಹೊಸ ಕಪ್ಪು ಫಲಕದಲ್ಲಿ ಅದಿಲ್ಲ.

ಏಕಹರಳಿನ ಅಲಗು ಮಾಡಬಲ್ಲ ದೇಶಗಳು ಬೆರಳೆಣಿಕೆಯಷ್ಟು, ಗುಟ್ಟು ಬಿಟ್ಟುಕೊಡುವವರು ಇನ್ನೂ ಕಡಿಮೆ. 2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಇಂಥ 60 ಅಲಗುಗಳನ್ನು ಮಾಡಿ ನಮ್ಮ ಎಚ್‌ಎಎಲ್‌ಗೆ ಕೊಟ್ಟಿತು.

ಇಂಥ ಅಲಗು ಅಚ್ಚಿನಿಂದ ಹೊರಬಂದ ಮೇಲೆ ಎಕ್ಸ್-ಕಿರಣ ಹಾಯಿಸಿ ಹರಳಿನ ದಿಕ್ಕು ನೋಡುತ್ತಾರೆ. ಜೊತೆಗೆ ಇನ್ನೊಂದು ಪರೀಕ್ಷೆಯಿದೆ. ಆಮ್ಲದಲ್ಲಿ ಅದ್ದಿ, ತೊಳೆದು, ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ, ನಾನು ಬಕೆಟ್ ತಿರುಗಿಸಿ ಅಂದೆನಲ್ಲ ಹಾಗೆ. ಎಲ್ಲಾದರೂ ಒಂದು ಚೂರು ಬೇರೆಯಾಗಿ ಹೊಳೆದರೆ ಆ ಅಲಗನ್ನು ಪಕ್ಕಕ್ಕೆ ಇಡುತ್ತಾರೆ.