‘ಅವನಿಚ್ಛೆ’ ಎನ್ನುವುದು ಯಾವಾಗ?

ಕೇಳುಗರೆ, ನಮಸ್ಕಾರ.

‘ಎಲ್ಲ ಅವನಿಚ್ಛೆ.’ ವರ್ಷವಿಡೀ ಓದಿ ಪರೀಕ್ಷೆ ಬರೆದು ಬಂದ ಹುಡುಗಿ ಈ ಮಾತು ಹೇಳುತ್ತಾಳೆ. ಪುಸ್ತಕವನ್ನೇ ತೆರೆಯದ ಹುಡುಗನೂ ಹೇಳುತ್ತಾನೆ. ಮಾತು ಅದೇ. ಆದರೆ ಅವಳದು ಶರಣಾಗತಿ, ಇವನದು ಸೋಮಾರಿತನಕ್ಕೆ ಹಚ್ಚಿದ ವಿಭೂತಿ. ಇವೆರಡನ್ನೂ ಬಿಡಿಸಿ ನೋಡುವುದು ಹೇಗೆ?

ಭಗವದ್ಗೀತೆಯಲ್ಲಿ ಅರ್ಜುನ ಶರಣಾಗುವುದು ಕೊನೆಯಲ್ಲಿ ಎಂದುಕೊಂಡಿರುತ್ತೇವೆ. ಹಾಗಲ್ಲ. ಎರಡನೇ ಅಧ್ಯಾಯದ 7ನೇ ಶ್ಲೋಕದಲ್ಲೇ ‘ಶಾಧಿ ಮಾಂ ತ್ವಾಂ ಪ್ರಪನ್ನಮ್’ ಎನ್ನುತ್ತಾನೆ. ನಿನಗೆ ಶರಣು ಬಂದಿದ್ದೇನೆ, ದಾರಿ ಹೇಳು ಅಂತ. ಮತ್ತೆರಡು ಶ್ಲೋಕ ಕಳೆದರೆ, 9ರಲ್ಲಿ, ‘ನ ಯೋತ್ಸ್ಯೇ’, ಯುದ್ಧ ಮಾಡುವುದಿಲ್ಲ ಎಂದು ಸುಮ್ಮನಾಗುತ್ತಾನೆ. ದಾರಿ ಕೇಳಿದವನು ಉತ್ತರ ಬರುವ ಮೊದಲೇ ತೀರ್ಮಾನ ಮಾಡಿಬಿಟ್ಟ! ಕೈಚೆಲ್ಲಿ ಕೂತು ಅದಕ್ಕೆ ಶರಣಾಗತಿ ಎಂದು ಹೆಸರಿಡುವುದು ಅಷ್ಟು ಹಳೆಯ ರೋಗ. ಕೃಷ್ಣ ಅದನ್ನು ಒಪ್ಪಿದ್ದರೆ ಗೀತೆ ಅಲ್ಲಿಗೇ ಮುಗಿಯುತ್ತಿತ್ತು. ಹದಿನೆಂಟನೇ ಅಧ್ಯಾಯದ 66ರಲ್ಲಿ ‘ಮಾಮೇಕಂ ಶರಣಂ ವ್ರಜ’ ಬರುತ್ತದೆ, ನಿಜ. ಅದಕ್ಕೂ ಮುಂಚೆ 63ರಲ್ಲಿ, ಇದನ್ನೆಲ್ಲ ಪೂರ್ತಿ ವಿಚಾರ ಮಾಡಿ ನಿನಗೆ ತೋಚಿದಂತೆ ಮಾಡು ಎನ್ನುತ್ತಾನೆ. ಬುದ್ಧಿಯನ್ನು ಬದಿಗಿಟ್ಟು ಬಾ ಎನ್ನಲಿಲ್ಲ. 73ರಲ್ಲಿ ಅರ್ಜುನನ ಉತ್ತರ ‘ಕರಿಷ್ಯೇ’. ಮಾಡುತ್ತೇನೆ.

ಶ್ರೀವೈಷ್ಣವರು ಶರಣಾಗತಿಗೆ ಆರು ಅಂಗ ಹೇಳುತ್ತಾರೆ. ಮೊದಲನೆಯದು ಆನುಕೂಲ್ಯಸಂಕಲ್ಪ, ಭಗವಂತ ಮೆಚ್ಚುವುದನ್ನು ಮಾಡುತ್ತೇನೆಂಬ ನಿಶ್ಚಯ. ಎರಡನೆಯದು ಪ್ರಾತಿಕೂಲ್ಯವರ್ಜನ, ಮೆಚ್ಚದ್ದನ್ನು ಬಿಡುವುದು. ಕಾಪಾಡುತ್ತಾನೆಂಬ ವಿಶ್ವಾಸ, ಕಾಪಾಡು ಎಂದು ಬಾಯಿಬಿಟ್ಟು ಕೇಳುವ ಗೋಪ್ತೃತ್ವವರಣ, ತನ್ನನ್ನೇ ಒಪ್ಪಿಸಿಕೊಳ್ಳುವ ಆತ್ಮನಿಕ್ಷೇಪ, ದೈನ್ಯವೆಂಬ ಕಾರ್ಪಣ್ಯ, ಇವೆಲ್ಲ ಆಮೇಲೆ. ನಮ್ಮಲ್ಲಿ ಬಹಳ ಮಂದಿ ಮೊದಲ ಎರಡು ಮೆಟ್ಟಿಲು ಹತ್ತದೆ ನೇರ ಮಹಡಿಗೆ ಜಿಗಿಯಲು ನೋಡುತ್ತಾರೆ. ಕಾರ್ಪಣ್ಯವನ್ನೂ ತಪ್ಪಾಗಿ ತಿಳಿಯುವುದುಂಟು. ‘ನನ್ನಿಂದಲೇ ಎಲ್ಲ’ ಎಂಬ ಗರ್ವ ಕಳಚುವುದು ಕಾರ್ಪಣ್ಯ. ‘ನನ್ನಿಂದ ಏನೂ ಆಗದು’ ಎಂದು ಮುಸುಕೆಳೆದು ಮಲಗುವುದಲ್ಲ.

ಬೆಕ್ಕಿನ ಮರಿ, ಕೋತಿಯ ಮರಿಯ ಮಾತನ್ನು ಇಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ಶ್ರೀವೈಷ್ಣವರಲ್ಲೇ ಕೋತಿಮರಿಯ ಪಕ್ಷದ ವಡಗಲೈ, ಬೆಕ್ಕಿನ ಮರಿಯ ಪಕ್ಷದ ತೆಂಗಲೈ ಪಂಥಗಳ ಈ ಚರ್ಚೆ ಮೋಕ್ಷದ ಉಪಾಯವನ್ನು ಕುರಿತದ್ದು, ಮನೆಗೆಲಸವನ್ನು ಕುರಿತದ್ದಲ್ಲ. ಬೆಕ್ಕಿನ ಮರಿಯ ಪಕ್ಷದವರೂ ಬೆಳಗ್ಗೆ ಎದ್ದು ಸ್ನಾನ, ಸಂಧ್ಯಾವಂದನೆ, ಕೈಂಕರ್ಯ ಯಾವುದನ್ನೂ ಬಿಡುವುದಿಲ್ಲ.

ಪಾಂಡವಪುರ ತಾಲ್ಲೂಕಿನ ತೊಣ್ಣೂರಿನಲ್ಲಿ ಬಂಡೆಗುಡ್ಡಗಳ ನಡುವೆ ಏರಿ ಹಾಕಿದ ದೊಡ್ಡ ಕೆರೆಯಿದೆ. ಕಟ್ಟಿಸಿದವರು ರಾಮಾನುಜಾಚಾರ್ಯರು, ಇಟ್ಟ ಹೆಸರು ತಿರುಮಲಸಾಗರ ಎಂದು ಸ್ಥಳೀಯರ ನಂಬಿಕೆ. ಶರಣಾಗತಿಯನ್ನು ಬೋಧಿಸಿದ ಆಚಾರ್ಯರ ಹೆಸರಿಗೆ ಜನ ಒಂದು ಕೆರೆಯನ್ನು ಅಂಟಿಸಿದ್ದಾರಲ್ಲ, ಅದು ಸುಮ್ಮನೆ ಬಂದದ್ದಿರಲಾರದು.

ಕೆರೆಯನ್ನೇ ಇಟ್ಟುಕೊಂಡು ಗೀತೆಯ ಇನ್ನೊಂದು ಲೆಕ್ಕ ನೋಡೋಣ. ಹದಿನೆಂಟನೇ ಅಧ್ಯಾಯದ 14ನೇ ಶ್ಲೋಕ ಯಾವ ಕೆಲಸಕ್ಕೂ ಐದು ಕಾರಣ ಎನ್ನುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಐದನೆಯದಾಗಿ ದೈವ. ಭಾಷ್ಯಕಾರರು ಅಧಿಷ್ಠಾನವೆಂದರೆ ದೇಹ ಎನ್ನುತ್ತಾರೆ. ನಾವು ಕೆರೆಯಂಗಳ ಎಂದಿಟ್ಟುಕೊಳ್ಳೋಣ. ಕರ್ತೃ ಊರಿನವರು. ಕರಣ ಗುದ್ದಲಿ, ಮಂಕರಿ, ಈಗಿನ ಕಾಲಕ್ಕೆ ಜೆಸಿಬಿ. ಚೇಷ್ಟೆ ಬೇಸಿಗೆಯ ದುಡಿಮೆ: ನೀರು ಬರುವ ಕಾಲುವೆ ಬಿಡಿಸುವುದು, ಹೂಳೆತ್ತುವುದು, ತೂಬಿನ ಬಾಯಿ ನೋಡುವುದು, ಏರಿಯ ಮೇಲಿನ ಇಲಿ, ಏಡಿಗಳ ಬಿಲ ಮುಚ್ಚಿ ಮಣ್ಣು ಬಡಿಯುವುದು. ಏರಿಯ ಮೇಲೆ ಮರ ಬೆಳೆಯಲು ಬಿಟ್ಟರೆ, ಮುಂದೆ ಅದು ಸತ್ತು ಬೇರು ಕೊಳೆತ ಜಾಗದಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಇನ್ನಷ್ಟು ನೀರು ನಿಲ್ಲಲಿ ಎಂಬ ಆಸೆಗೆ ಕೋಡಿಗೆ ಮರಳಿನ ಚೀಲ ಅಡ್ಡ ಇಟ್ಟರೆ, ಹೆಚ್ಚಾದ ನೀರು ಏರಿಯನ್ನೇ ಹತ್ತಿ ಹರಿದು ಕೊಚ್ಚುತ್ತದೆ. ಮಳೆ ಮಾತ್ರ ದೈವ. ಅದು ಐದರಲ್ಲಿ ಒಂದು. ಅದೃಷ್ಟವಾದಿ ಉಳಿದ ನಾಲ್ಕನ್ನು ಅಳಿಸುತ್ತಾನೆ, ಗರ್ವಿಷ್ಠ ಆ ಒಂದನ್ನು ಅಳಿಸುತ್ತಾನೆ. ಲೆಕ್ಕ ಇಬ್ಬರದೂ ತಪ್ಪು. ಬಿಲ ಮುಚ್ಚದೆ ಬಿಟ್ಟ ಏರಿ ಒಡೆದಾಗ ‘ಗಂಗಮ್ಮ ಮುನಿದಳು’ ಎನ್ನುವುದು ಗಂಗಮ್ಮನ ಮೇಲೆ ಹೊರಿಸುವ ಸುಳ್ಳು. ಎಲ್ಲ ಮಾಡಿಯೂ ಮಳೆ ಬಾರದೆ ಹೋದಾಗ ಅವಳ ಮುಂದೆ ಕೈಮುಗಿದು ನಿಲ್ಲುವುದು ಬೇರೆ.

ಇದೇ ಅಧ್ಯಾಯ ಬಿಡುವುದರಲ್ಲೂ ಮೂರು ಬಗೆ ತೋರಿಸುತ್ತದೆ. ಮಾಡಲೇಬೇಕಾದ ಕೆಲಸವನ್ನು ಮೋಹದಿಂದ ಬಿಟ್ಟರೆ ತಾಮಸ. ಮೈಗೆ ಕಷ್ಟ ಎಂದು ಹೆದರಿ ಬಿಟ್ಟರೆ ರಾಜಸ. ಕೆಲಸ ಮಾಡಿ, ಅದರ ಅಂಟನ್ನೂ ಫಲವನ್ನೂ ಬಿಟ್ಟರೆ ಸಾತ್ವಿಕ. ಕ್ಷಯರೋಗಿಯನ್ನೇ ನೋಡಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ: ಎರಡು ತಿಂಗಳು ಹೆಚ್ಚು ಮದ್ದು, ಆಮೇಲೆ ನಾಲ್ಕು ತಿಂಗಳು ಕಡಿಮೆ. ಕೆಮ್ಮು ಕೆಲವೇ ವಾರಗಳಲ್ಲಿ ತಗ್ಗುತ್ತದೆ, ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ‘ದೇವರ ಮೇಲೆ ಭಾರ ಹಾಕಿದ್ದೇನೆ’ ಎಂದು ಅಲ್ಲಿಗೇ ನಿಲ್ಲಿಸಿದರೆ ಅದು ರಾಜಸ ತ್ಯಾಗ. ಒಳಗೆ ಉಳಿದ ರೋಗಾಣು ಮತ್ತೆ ಬೆಳೆಯುತ್ತದೆ, ಆ ಮದ್ದಿಗೆ ಬಗ್ಗದಂತೆಯೂ ಆಗಬಹುದು. ಇನ್ನೊಬ್ಬರು ದಿನ ತಪ್ಪದೆ ಮಾತ್ರೆ ನುಂಗಿ, ಕಫದ ಪರೀಕ್ಷೆಗೆ ಕೊಟ್ಟು ಬಂದು, ಫಲಿತಾಂಶ ಬರುವ ಹಿಂದಿನ ರಾತ್ರಿ ‘ನೀನಿದ್ದೀಯ’ ಎಂದು ನಿದ್ದೆ ಹೋಗುತ್ತಾರೆ. ಶರಣಾಗತಿಯ ಜಾಗ ಆ ನಿದ್ದೆ, ಮಾತ್ರೆಯ ಡಬ್ಬಿಯಲ್ಲ.

ಮತ್ತೊಂದು ಮಾತು. ವ್ಯಾಕರಣದಲ್ಲಿ ‘ನಾನು’ ಎಂಬುದಕ್ಕೆ ಉತ್ತಮ ಪುರುಷ ಎನ್ನುತ್ತೇವಲ್ಲ, ‘ಅವನಿಚ್ಛೆ’ ಎಂಬುದನ್ನು ಉತ್ತಮ ಪುರುಷದಲ್ಲಿ ಮಾತ್ರ ಹೇಳಬೇಕು. ಮಗು ಕಳಕೊಂಡ ತಾಯಿಗೆ ಅದನ್ನು ಪಕ್ಕದವರು ಹೇಳಬಾರದು. ಒಂದು ದಿನ ಅವಳೇ ಹೇಳಿಕೊಂಡರೆ ಅದು ಅವಳ ಹಕ್ಕು. ಕೂಲಿ ಬಾಕಿ ಉಳಿಸಿಕೊಂಡ ಧಣಿ ಆಳಿಗೆ ‘ನಿನ್ನ ಹಣೆಬರಹ’ ಎಂದರೆ ಅದರಲ್ಲಿ ದೇವರೂ ಇಲ್ಲ, ಬರಹವೂ ಇಲ್ಲ.

ಪೂಜೆಯ ಕ್ರಮ ಗಮನಿಸಿ. ಮೊದಲು ಸಂಕಲ್ಪ: ಯಾವ ಊರು, ಯಾವ ತಿಥಿ, ಯಾವ ಕೆಲಸ, ಎಲ್ಲ ಬಿಡಿಸಿ ಹೇಳಬೇಕು. ‘ಕೃಷ್ಣಾರ್ಪಣಮಸ್ತು’ ಎಂದು ನೀರು ಬಿಡುವುದು ಕಟ್ಟಕಡೆಗೆ. ಸಂಕಲ್ಪ ಆದಕೂಡಲೇ ಅರ್ಪಣೆಯ ನೀರು ಬಿಟ್ಟು ಎದ್ದುಹೋದವರನ್ನು ಯಾರೂ ಭಕ್ತರೆನ್ನುವುದಿಲ್ಲ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ, ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಅವನು ಅನುಭಾವದ ಮಾತಿನಲ್ಲಿ ಮೈಮರೆತು ಕೂತ. ಹೆಂಡತಿ ಲಕ್ಕಮ್ಮ ಎಚ್ಚರಿಸಿದಳು: ‘ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ.’ ಕಾಯಕ ನಿಂತುಹೋಗಿದೆ, ಹೋಗಯ್ಯಾ ನನ್ನೊಡೆಯ ಅಂತ. ಅವನು ಎದ್ದು ಹೋದ. ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ದಿನದಷ್ಟೇ ಸಾಕು, ಮಿಕ್ಕಿದ್ದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದವಳೂ ಅವಳೇ.

ನಮಸ್ಕಾರ.